ಯುಎಸ್‌ಬಿ ಪೋರ್ಟ್ ಮೂಲಕ ಪೋರ್ಟಬಲ್ ಹಾರ್ಡ್ ಡಿಸ್ಕ್‌ಗೆ ವಿದ್ಯುತ್ ಪೂರೈಕೆ: ಕ್ಷೇತ್ರ ದಾಖಲಾತಿಗೆ ಉಪಯುಕ್ತ ಮಾಹಿತಿ

ಪೀಠಿಕೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಹಾಗೂ ಜಟಿಂಗ ರಾಮೇಶ್ವರಗಳಲ್ಲಿ ಮೌರ್ಯ ಚಕ್ರವರ್ತಿ ಅಶೋಕನ ಕಿರು ಬಂಡೆ ಶಾಸನಗಳಿವೆ. ಇವುಗಳನ್ನು 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಇಂತಹ ನೆಲೆಗಳಲ್ಲಿ ತೆಗೆದ ಛಾಯಾಚಿತ್ರಗಳನ್ನು ವಿದ್ಯುತ್ ಸಂಪರ್ಕವಿಲ್ಲದೆಡೆ ಸಂಗ್ರಹಿಸಬೇಕಾದಾಗ ಲ್ಯಾಪ್‌ಟಾಪ್‌ನ ಯುಎಸ್‌ಬಿ ಪೋರ್ಟ್ ಒಂದೇ ಹಾರ್ಡ್ ಡಿಸ್ಕ್‌ನ ವಿದ್ಯುತ್ ಮೂಲವಾಗಿರುತ್ತದೆ. ಪೂರೈಕೆ ಸಾಲದಿದ್ದಲ್ಲಿ ದಿನವಿಡೀ ನಡೆಸಿದ ದಾಖಲಾತಿ ನಷ್ಟವಾಗುವ ಸಂಭವವಿರುತ್ತದೆ.

ಪೋರ್ಟ್‌ಗಳ ಸಾಮರ್ಥ್ಯ

ಯುಎಸ್‌ಬಿ ಪೋರ್ಟ್ ಸಾಮಾನ್ಯವಾಗಿ 5 ವೋಲ್ಟ್ ವಿದ್ಯುತ್ತನ್ನು ಒದಗಿಸುತ್ತದೆ. ಮಾನಕಗಳನ್ವಯ ದೊರೆಯುವ ಪ್ರಮಾಣ ಈ ಕೆಳಕಂಡಂತಿದೆ:

• ಯುಎಸ್‌ಬಿ 2.0 (2000): 500 ಮಿಲಿ ಆಂಪಿಯರ್, ಅಂದರೆ 2.5 ವ್ಯಾಟ್.
• ಯುಎಸ್‌ಬಿ 3.0 (2008): 900 ಮಿಲಿ ಆಂಪಿಯರ್, ಅಂದರೆ 4.5 ವ್ಯಾಟ್.
• ಟೈಪ್-ಸಿ: ಪೋರ್ಟ್‌ನ ವಿನ್ಯಾಸಕ್ಕನುಗುಣವಾಗಿ 1.5 ಅಥವಾ 3 ಆಂಪಿಯರ್‌ವರೆಗೆ.

2.5 ಇಂಚಿನ ಹಾರ್ಡ್ ಡಿಸ್ಕ್ ತಿರುಗಲು ಆರಂಭಿಸುವ ಕೆಲವು ಕ್ಷಣಗಳಲ್ಲಿ ಅತಿ ಹೆಚ್ಚು ವಿದ್ಯುತ್ ಬೇಡುತ್ತದೆ. ಈ ಬೇಡಿಕೆ 1 ಆಂಪಿಯರ್‌ನ ಸಮೀಪಕ್ಕೆ ಏರಬಹುದು. ಆದುದರಿಂದ ಹಳೆಯ ಪೋರ್ಟ್‌ನಲ್ಲಿ ಡಿಸ್ಕ್ ಆರಂಭವಾಗದೆ ನಿಲ್ಲಬಹುದು. 3.5 ಇಂಚಿನ ಡಿಸ್ಕ್‌ಗೆ 12 ವೋಲ್ಟ್ ಸಹ ಅಗತ್ಯವಿರುವುದರಿಂದ ಸಾಮಾನ್ಯವಾಗಿ ಅದಕ್ಕೆ ಪ್ರತ್ಯೇಕ ಅಡಾಪ್ಟರ್ ಬೇಕಾಗುತ್ತದೆ. ಎಸ್‌ಎಸ್‌ಡಿಗಳಲ್ಲಿ ಮೋಟಾರ್ ಇರುವುದಿಲ್ಲವಾದ್ದರಿಂದ ಆರಂಭದ ಈ ತೊಡಕು ಅವುಗಳಿಗಿಲ್ಲ.

ಕೊರತೆಯ ಲಕ್ಷಣಗಳು

• ಡಿಸ್ಕ್‌ನಿಂದ ಟಿಕ್ ಟಿಕ್ ಶಬ್ದ ಪುನರಾವರ್ತನೆಯಾಗುವುದು.
• ದೀಪ ಉರಿದರೂ ಪರದೆಯಲ್ಲಿ ಡಿಸ್ಕ್ ಕಾಣದಿರುವುದು.
• ಕಡತಗಳ ನಕಲು ನಡುವೆಯೇ ಸಂಪರ್ಕ ಕಡಿದುಹೋಗುವುದು.

ಇದೇ ಲಕ್ಷಣಗಳು ಡಿಸ್ಕ್ ಕೆಟ್ಟಾಗಲೂ ಕಂಡುಬರುತ್ತವೆ. ಕೇಬಲ್ ಹಾಗೂ ಪೋರ್ಟ್ ಬದಲಿಸಿದ ನಂತರವೂ ಶಬ್ದ ಮುಂದುವರಿದಲ್ಲಿ ಮತ್ತೆ ಮತ್ತೆ ಚಾಲನೆಗೊಳಿಸದೆ ತಜ್ಞರ ನೆರವು ಪಡೆಯುವುದು ಸೂಕ್ತ.

ಪರಿಹಾರ ಕ್ರಮಗಳು

1. ಡಿಸ್ಕನ್ನು ಗಣಕಯಂತ್ರಕ್ಕೆ ನೇರವಾಗಿ ಜೋಡಿಸತಕ್ಕದ್ದು. ಸ್ವಂತ ಅಡಾಪ್ಟರ್ ಇಲ್ಲದ ಯುಎಸ್‌ಬಿ 2.0 ಹಬ್ ತನ್ನ ಪ್ರತಿ ಪೋರ್ಟ್‌ಗೆ 100 ಮಿಲಿ ಆಂಪಿಯರ್ ಮಾತ್ರ ಖಾತರಿಪಡಿಸುತ್ತದೆ.
2. ಉದ್ದವಾದ ಹಾಗೂ ತೆಳುವಾದ ಕೇಬಲ್‌ನಲ್ಲಿ ವೋಲ್ಟೇಜ್ ಕುಸಿಯುತ್ತದೆ. ಡಿಸ್ಕ್‌ನೊಂದಿಗೆ ಬಂದ ಗಿಡ್ಡ ಕೇಬಲ್ ಬಳಸುವುದು ಉತ್ತಮ.
3. ಮೇಜಿನ ಗಣಕಯಂತ್ರದಲ್ಲಿ ಹಿಂಬದಿಯ ಪೋರ್ಟ್‌ಗಳು ಮದರ್‌ಬೋರ್ಡ್‌ನಲ್ಲೇ ಇರುವುದರಿಂದ ಅವುಗಳಿಗೆ ಆದ್ಯತೆ ನೀಡಬೇಕು.
4. ಕಚೇರಿಯಲ್ಲಿ ಅಡಾಪ್ಟರ್ ಸಹಿತವಾದ ಹಬ್ ಸುರಕ್ಷಿತ ಆಯ್ಕೆ. ಎರಡು ಪೋರ್ಟ್‌ಗಳಿಂದ ವಿದ್ಯುತ್ ಪಡೆಯುವ ಕವಲು ಕೇಬಲ್ ಹಳೆಯ ಯಂತ್ರಗಳಲ್ಲಿ ನೆರವಾಗಬಹುದಾದರೂ ಅದು ಯುಎಸ್‌ಬಿ ಮಾನಕಕ್ಕೆ ಒಳಪಟ್ಟಿರುವುದಿಲ್ಲ. ಬಳಸಿದಲ್ಲಿ ಎರಡೂ ತುದಿಗಳನ್ನು ಒಂದೇ ಗಣಕಯಂತ್ರಕ್ಕೆ ಜೋಡಿಸಬೇಕು.

ಕ್ಷೇತ್ರದಲ್ಲಿ ವಹಿಸಬೇಕಾದ ಎಚ್ಚರಿಕೆ

ಡಿಸ್ಕ್ ಲ್ಯಾಪ್‌ಟಾಪ್‌ನ ಬ್ಯಾಟರಿಯನ್ನೇ ಬಳಸುವುದರಿಂದ ನಕಲು ಮಾಡುವ ಅವಧಿಗೆ ಮಾತ್ರ ಅದನ್ನು ಜೋಡಿಸಬೇಕು. ಬ್ಯಾಟರಿ ಮುಗಿಯುವ ಹಂತದಲ್ಲಿ ನಕಲು ಆರಂಭಿಸಬಾರದು. ಸುರಕ್ಷಿತವಾಗಿ ತೆಗೆಯುವ ಆಜ್ಞೆ ನೀಡಿದ ನಂತರವೇ ಕೇಬಲ್ ಕಳಚಬೇಕು. ನಕಲಾದ ಕಡತಗಳನ್ನು ತೆರೆದು ಪರಿಶೀಲಿಸಿ, ಇನ್ನೊಂದು ಪ್ರತಿಯನ್ನು ಬೇರೊಂದು ಸಾಧನದಲ್ಲಿ ಉಳಿಸುವವರೆಗೆ ಕ್ಯಾಮೆರಾದ ಮೆಮೊರಿ ಕಾರ್ಡನ್ನು ಅಳಿಸತಕ್ಕದ್ದಲ್ಲ.