ಒಂದೇ ದಿನ ಹುಟ್ಟಿದವರು

೨೩ ಮಂದಿ ಸೇರಿದ ಒಂದು ಸಭೆ. ಅವರಲ್ಲಿ ಯಾರಾದರೂ ಇಬ್ಬರು ಒಂದೇ ತಿಂಗಳ ಒಂದೇ ತಾರೀಖಿನಂದು ಹುಟ್ಟಿರುವ ಸಂಭವವೆಷ್ಟು? ವರ್ಷಕ್ಕೆ ೩೬೫ ದಿನಗಳಿರುವಾಗ ಅದು ತೀರ ಅಲ್ಪವೆಂದೇ ನಮ್ಮ ಮನಸ್ಸು ನುಡಿಯುತ್ತದೆ. ಗಣಿತದ ಉತ್ತರ ಬೇರೆ: ನೂರಕ್ಕೆ ೫೦.೭. ಸಭೆಯಲ್ಲಿ ೫೭ ಮಂದಿ ಇದ್ದರೆ ನೂರಕ್ಕೆ ೯೯!

ಮನಸ್ಸು ಎಡವುವುದೇಕೆ? ನಾವು ನಮ್ಮಿಂದಲೇ ಎಣಿಕೆಗೆ ತೊಡಗುತ್ತೇವೆ; 'ನಾನು ಹುಟ್ಟಿದ ದಿನ ಇನ್ನಾರು ಹುಟ್ಟಿದ್ದಾರು?' ಎಂದು ಕೇಳಿಕೊಳ್ಳುತ್ತೇವೆ. ಆ ಪ್ರಶ್ನೆಗೆ ಅರ್ಧದಷ್ಟು ಭರವಸೆ ದೊರೆಯಲು ಬೇರೆ ೨೫೩ ಜನ ಬೇಕು. ಆದರೆ ಇಲ್ಲಿ ಕೇಳಿರುವುದು ಯಾರಾದರೂ ಇಬ್ಬರ ಮಾತು. ೨೩ ಜನರಲ್ಲಿ ಕೂಡಿಸಬಹುದಾದ ಜೋಡಿಗಳೇ ೨೫೩. ಎರಡನೆಯವನಿಗೆ ಹೊಸದಾದ ದಿನಗಳು ೩೬೪, ಮೂರನೆಯವನಿಗೆ ೩೬೩. ಹೀಗೆ ತೆರಪು ಕಿರಿದಾಗುತ್ತ, ಇಪ್ಪತ್ತಮೂರನೆಯವನು ಬಂದಾಗ ಎಲ್ಲರ ದಿನವೂ ಬೇರೆಬೇರೆಯಾಗಿರುವ ಸಂಭವ ಅರ್ಧಕ್ಕಿಂತ ಕೆಳಗಿಳಿಯುತ್ತದೆ.

ಅಮೆರಿಕದ ಅಧ್ಯಕ್ಷರಲ್ಲಿ ಪೋಕ್ ೧೭೯೫ರಲ್ಲಿ, ಹಾರ್ಡಿಂಗ್ ೧೮೬೫ರಲ್ಲಿ, ಇಬ್ಬರೂ ನವೆಂಬರ್ ೨ರಂದೇ ಹುಟ್ಟಿದರು. ಇದನ್ನು ಕಾಕತಾಳೀಯವೆಂದು ಬೆರಗಾಗುವವರುಂಟು. ಅಷ್ಟು ಉದ್ದದ ಪಟ್ಟಿಯಲ್ಲಿ ಇಂಥ ಜೋಡಿ ಸಿಗದಿದ್ದರೇ ಬೆರಗು. ಜನನಗಳು ವರ್ಷದುದ್ದಕ್ಕೂ ಸಮನಾಗಿ ಹಂಚಿಕೆಯಾಗಿಲ್ಲವಲ್ಲ ಎನ್ನಬಹುದು. ನಿಜ, ಆದರೆ ಅಸಮತೆಯಿಂದ ಸಂಭವ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಶಾಲೆಗೆ ಸೇರಿದ ದಿನ ಮೇಷ್ಟ್ರ ಲೇಖನಿಯಿಂದ ಜೂನ್ ೧ರಂದು 'ಹುಟ್ಟಿದವರು' ನಮ್ಮ ನಾಡಿನಲ್ಲಿ ಎಷ್ಟು ಮಂದಿ!

ವಿನೋದವೆಂದರೆ, ಈ ಸಮಸ್ಯೆಯ ಹುಟ್ಟಿದ ದಿನದ ಬಗೆಗೇ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಕೆಲವರು ಇಂಗ್ಲೆಂಡಿನ ಹೆರಾಲ್ಡ್ ಡೇವನ್‌ಪೋರ್ಟರ ಹೆಸರು ಹೇಳುತ್ತಾರೆ. ಇದರ ಒಂದು ರೂಪವನ್ನು ೧೯೩೯ರಲ್ಲಿ ಅಚ್ಚಿಗೆ ತಂದವರು ರಿಚರ್ಡ್ ಫಾನ್ ಮೀಸಸ್. ಲೇಖನದ ಭಾಷೆ ಜರ್ಮನ್. ಪ್ರಕಟವಾದದ್ದು ಮಾತ್ರ ಇಸ್ತಾಂಬುಲ್ ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ. ಅದರ ಕಾರಣವನ್ನು ನೆನೆದಾಗ ನನಗೆ ಈ ಲೆಕ್ಕ ಬರಿಯ ವಿನೋದವಾಗಿ ಉಳಿಯುವುದಿಲ್ಲ.

ಮೀಸಸ್ ೧೮೮೩ರಲ್ಲಿ ಲೆಂಬರ್ಗಿನ ಯಹೂದಿ ಮನೆತನವೊಂದರಲ್ಲಿ ಹುಟ್ಟಿದರು, ಮುಂದೆ ಕ್ಯಾಥೊಲಿಕರಾದರು, ಬರ್ಲಿನ್ನಿನಲ್ಲಿ ಅನ್ವಯಿಕ ಗಣಿತದ ಪ್ರಾಧ್ಯಾಪಕರಾದರು. ೧೯೩೩ರಲ್ಲಿ ಹಿಟ್ಲರನ ಸರ್ಕಾರ ಯಹೂದಿ ಮೂಲದವರನ್ನು ಸರ್ಕಾರಿ ಹುದ್ದೆಗಳಿಂದ ಹೊರದೂಡುವ ಕಾನೂನು ತಂದಿತು. ಮೊದಲ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದವರಿಗೆ ಅದರಲ್ಲಿ ವಿನಾಯಿತಿಯಿತ್ತು. ಮೀಸಸರಿಗೂ ಅದು ಸಲ್ಲುತ್ತಿತ್ತು. ಆ ವಿನಾಯಿತಿ ಬಾಳದೆಂದು ಅರಿತು ಅವರು ತುರ್ಕಿಗೆ ಹೊರಟುಹೋದರು. ೧೯೩೫ರಲ್ಲಿ ಅದು ರದ್ದಾಯಿತು. ೧೯೩೯ರಲ್ಲಿ ಅವರು ಅಮೆರಿಕ ಸೇರಿದರು.

ಒಂದು ರಾಜ್ಯ ಮನುಷ್ಯನ ಹುಟ್ಟನ್ನು ಅಜ್ಜ ಅಜ್ಜಿಯರ ಕುಲದಿಂದ ಎಣಿಸುತ್ತಿದ್ದ ಕಾಲವದು. ಅದೇ ಕಾಲದಲ್ಲಿ, ಆ ಎಣಿಕೆಯಿಂದ ದೂರ ಸರಿದ ಒಬ್ಬ ಗಣಿತಜ್ಞ ಪರದೇಶದಲ್ಲಿ ಕುಳಿತು ಹುಟ್ಟನ್ನು ಬೇರೆ ಬಗೆಯಲ್ಲಿ ಎಣಿಸಿದ. ಅವನ ಲೆಕ್ಕದಲ್ಲಿ ಹುಟ್ಟೆಂದರೆ ೩೬೫ರಲ್ಲಿ ಒಂದು ದಿನ, ಅಷ್ಟೆ. ಯಾವ ದಿನವೂ ಇನ್ನೊಂದಕ್ಕಿಂತ ಮೇಲಲ್ಲ.