ಪುಟಸಂಖ್ಯೆ ಯಾರ ಸ್ವತ್ತು?

ಹಳೆಯ ಸಿನಿಮಾಗಳ ವಕೀಲರ ಮನೆಯನ್ನು ನೆನಪಿಸಿಕೊಳ್ಳಿ. ಕುರ್ಚಿಯ ಹಿಂದೆ ಗೋಡೆ ತುಂಬ ಒಂದೇ ಬಣ್ಣದ, ಒಂದೇ ಎತ್ತರದ ದಪ್ಪ ಪುಸ್ತಕಗಳು. ಕಕ್ಷಿದಾರನ ಕಣ್ಣಿಗೆ ಅವು ವಿದ್ಯೆಯ ಗುರುತು. ವಕೀಲರಿಗೆ ಮಾತ್ರ ಅವು ಯಂತ್ರ. ಇಂದಿನ ಜಗಳದಂಥದ್ದೇ ಜಗಳವನ್ನು ಹಿಂದೆ ಯಾವ ನ್ಯಾಯಾಲಯ ಹೇಗೆ ತೀರಿಸಿತ್ತು ಎಂದು ಹುಡುಕಿಕೊಡುವ ಯಂತ್ರ. ವಕೀಲಿಕೆಯ ತಂತ್ರಜ್ಞಾನ ಎಂದೊಡನೆ ನಾವು ಟೈಪ್‌ರೈಟರಿನಿಂದ ವಿಡಿಯೋ ವಿಚಾರಣೆಯವರೆಗೆ ಎಣಿಸತೊಡಗುತ್ತೇವೆ. ನನಗೆ ಅದಕ್ಕಿಂತ ಕುತೂಹಲದ್ದು ಈ ಹುಡುಕಾಟದ ಚರಿತ್ರೆ, ಅದರ ಕೀಲಿಕೈ ಯಾರ ಬಳಿ ಇತ್ತು ಎಂಬ ಪ್ರಶ್ನೆ.

ಬ್ರಿಟಿಷ್ ಸರ್ಕಾರ ಕೀಲಿಕೈಯನ್ನು ತಾನೇ ಇಟ್ಟುಕೊಳ್ಳಲು ನೋಡಿತು. ಸರ್ಕಾರದ ಅಧಿಕಾರದಿಂದ ಪ್ರಕಟವಾಗದ ವರದಿಯಲ್ಲಿರುವ ಹೈಕೋರ್ಟ್ ತೀರ್ಪನ್ನು ಯಾವ ನ್ಯಾಯಾಲಯವೂ ಕೇಳಲೇಬೇಕಿಲ್ಲ ಎಂದಿತು 1875ರ ಇಂಡಿಯನ್ ಲಾ ರಿಪೋರ್ಟ್ಸ್ ಕಾಯ್ದೆ. ಮರುವರ್ಷದಿಂದ ಕಲ್ಕತ್ತಾ, ಮದ್ರಾಸ್, ಬೊಂಬಾಯಿ, ಅಲಹಾಬಾದ್ ಹೈಕೋರ್ಟುಗಳಿಗೆ ಒಂದೊಂದು ಮಾಲಿಕೆ ಹೊರಟಿತು. ಧಾರವಾಡ ಬೊಂಬಾಯಿಯ ವ್ಯಾಪ್ತಿಯಲ್ಲಿತ್ತು, ಮಂಗಳೂರು ಮದ್ರಾಸಿನ ವ್ಯಾಪ್ತಿಯಲ್ಲಿ. ಒಂದೇ ನುಡಿಯ ವಕೀಲರು ಬೇರೆ ಬೇರೆ ಕಪಾಟುಗಳ ಮುಂದೆ ನಿಲ್ಲಬೇಕಾಯಿತು.

ವಕೀಲರು ಕಾಯ್ದೆಗೆ ತಲೆದೂಗಿ ತಮಗೆ ಬೇಕಾದ ಪುಸ್ತಕ ಓದಿದರು. 1914ರಿಂದ ಆಲ್ ಇಂಡಿಯಾ ರಿಪೋರ್ಟರ್ ಬಂತು, 1969ರಿಂದ ಸುಪ್ರೀಂ ಕೋರ್ಟ್ ಕೇಸಸ್. ಎರಡೂ ಖಾಸಗಿ. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ ಮೊಕದ್ದಮೆಯ ತೀರ್ಪನ್ನೇ ನೋಡಿ. ವಕೀಲರ ಬಾಯಲ್ಲಿ ಅದು ‘ಎಐಆರ್ 1973 ಎಸ್‌ಸಿ 1461’, ಇಲ್ಲವೇ ‘(1973) 4 ಎಸ್‌ಸಿಸಿ 225’. ಸಂವಿಧಾನದ ಮೂಲ ಸ್ವರೂಪವನ್ನು ಕಾಪಾಡಿದ ತೀರ್ಪಿನ ವಿಳಾಸ ಖಾಸಗಿ ಪ್ರಕಾಶಕರ ಪುಟಸಂಖ್ಯೆ!

ಈ ವಿಚಿತ್ರ ಬಯಲಿಗೆ ಬಿದ್ದದ್ದು ಗೋಡೆಯಷ್ಟು ಪುಸ್ತಕ ಅಂಗೈಯಗಲದ ಸಿ.ಡಿ.ಯೊಳಗೆ ಹಿಡಿಸತೊಡಗಿದಾಗ. ಎಸ್‌ಸಿಸಿ ಪ್ರಕಟಿಸುವ ಲಖನೌದ ಈಸ್ಟರ್ನ್ ಬುಕ್ ಕಂಪನಿ, ತನ್ನ ಸಂಪಾದಿತ ಪಠ್ಯವನ್ನು ನಕಲು ಮಾಡಿದ್ದಾರೆಂದು ಎರಡು ಸಿ.ಡಿ. ತಯಾರಕರ ಮೇಲೆ ದಾವೆ ಹೂಡಿತು. ತೀರ್ಪು ಬರೆದವರು ನ್ಯಾಯಮೂರ್ತಿಗಳು, ಅವರ ಸಂಬಳ ಜನರ ಹಣ. ಹಾಗಾದರೆ ಪ್ರಕಾಶಕರದ್ದೇನು? ಅಚ್ಚಿನ ತಪ್ಪು ತಿದ್ದಿದ್ದು, ಪ್ಯಾರಾ ಒಡೆದು ಸಂಖ್ಯೆ ಹಾಕಿದ್ದು, ಯಾರು ಸಹಮತ ಯಾರು ಭಿನ್ನಮತ ಎಂದು ಗುರುತಿಸಿದ್ದು. 2007ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ನಿರ್ಧರಿಸಿತು: ತೀರ್ಪಿನ ಪಠ್ಯ ಎಲ್ಲರದ್ದು, ಬರೀ ಬೆವರು ಸುರಿಸಿದ ಮಾತ್ರಕ್ಕೆ ಕೃತಿಸ್ವಾಮ್ಯ ಹುಟ್ಟುವುದಿಲ್ಲ. ಆದರೆ ಪ್ಯಾರಾ ಎಲ್ಲಿ ಒಡೆಯಬೇಕೆಂದು ತಿಳಿಯಲು ಕಾನೂನು ಅರ್ಥವಾಗಿರಬೇಕು, ಆದ್ದರಿಂದ ಆ ಕೆಲಸ ಪ್ರಕಾಶಕರ ಸ್ವತ್ತು. ಓದುವುದನ್ನೂ ಒಂದು ರಚನೆ ಎಂದು ನ್ಯಾಯಾಲಯ ಒಪ್ಪಿಕೊಂಡ ಈ ಭಾಗ ಸಾಹಿತ್ಯದ ವಿದ್ಯಾರ್ಥಿಗಳೂ ಗಮನಿಸಬೇಕಾದದ್ದು ಎಂದು ನನಗನ್ನಿಸುತ್ತದೆ.

ಮರುತಿಂಗಳೇ, 2008ರ ಜನವರಿಯಲ್ಲಿ, ಕಂಪ್ಯೂಟರ್ ವಿಜ್ಞಾನದ ಸುಶಾಂತ್ ಸಿನ್ಹಾ ‘ಇಂಡಿಯನ್ ಕಾನೂನ್’ ಎಂಬ ಉಚಿತ ಹುಡುಕುತಾಣ ತೆರೆದರು. ಕಪಾಟು ತುಂಬಿಸಲು ಹಣವಿಲ್ಲದ ತಾಲೂಕು ಕೋರ್ಟಿನ ಜೂನಿಯರ್ ವಕೀಲರಿಗೂ ದೊಡ್ಡ ಸೀನಿಯರ್ ವಕೀಲರ ಲೈಬ್ರರಿಯ ಬಹುಪಾಲು ಕೈಗೆ ಸಿಕ್ಕಿತು. 2023ರಲ್ಲಿ ಸುಪ್ರೀಂ ಕೋರ್ಟ್ ತನ್ನ ಅಧಿಕೃತ ವರದಿಗಳನ್ನು ಇ-ಎಸ್‌ಸಿಆರ್ ಹೆಸರಿನಲ್ಲಿ ಉಚಿತವಾಗಿ ಕೊಟ್ಟು, ತೀರ್ಪುಗಳಿಗೆ ತನ್ನದೇ ವಿಳಾಸಸಂಖ್ಯೆಯನ್ನೂ ಕೊಡತೊಡಗಿತು. ಹತ್ತಿರಹತ್ತಿರ 150 ವರ್ಷಗಳ ಬಳಿಕ ಕೀಲಿಕೈ ಅಧಿಕೃತರ ಕೈಗೇ ಮರಳಿತ್ತು. ಈ ಸಲ ಬಾಗಿಲಿಗೆ ಬೀಗವಿರಲಿಲ್ಲ.

ಅದೇ ವರ್ಷದ ಜೂನಿನಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು ವಕೀಲರಿಗೆ 5000 ಡಾಲರ್ ದಂಡ ಹಾಕಿತು. ಚಾಟ್‌ಜಿಪಿಟಿ ಕೊಟ್ಟಿದ್ದ, ಎಲ್ಲೂ ಇಲ್ಲದ ತೀರ್ಪುಗಳನ್ನು ಅವರು ಉಲ್ಲೇಖಿಸಿದ್ದರು. 2024ರ ಕೊನೆಯಲ್ಲಿ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಆದೇಶವೊಂದರಲ್ಲೂ ಇಂಥ ಇಲ್ಲದ ತೀರ್ಪುಗಳು ನುಸುಳಿ, ಆದೇಶವನ್ನೇ ಹಿಂಪಡೆಯಬೇಕಾಯಿತು. ಹೆಡ್‌ನೋಟ್ ಮಾತ್ರ ಓದಿ ವಾದಕ್ಕೆ ನಿಲ್ಲುವ ಚಾಳಿ ಹಳೆಯದೇ. ಆದರೆ ಆಗ ಹೆಡ್‌ನೋಟಿನ ಕೆಳಗೆ ಒಂದು ತೀರ್ಪಾದರೂ ಇರುತ್ತಿತ್ತು. ನ್ಯೂಯಾರ್ಕಿನ ಸುಳ್ಳು ಹೊರಬಿದ್ದದ್ದು ಎದುರು ಪಕ್ಷದ ವಕೀಲರು ಆ ಸೈಟೇಶನ್‌ಗಳನ್ನು ಹಿಡಿದು ಒಂದೊಂದಾಗಿ ಹುಡುಕಿ, ಸಿಗುತ್ತಿಲ್ಲ ಎಂದು ನ್ಯಾಯಾಲಯಕ್ಕೆ ಬರೆದುಕೊಟ್ಟಾಗ.