ಐಹೊಳೆಯ ಗುಡಿಗಳ ಹೆಸರುಗಳು

ಹುನಗುಂದ ಸೀಮೆಯಲ್ಲಿ ಮಲಪ್ರಭೆಯ ದಂಡೆಯ ಮೇಲಿರುವ ಐಹೊಳೆಯ ಶಿಲ್ಪವೈಭವವನ್ನು ಕುರಿತು ಪಂಡಿತರು ಬೇಕಾದಷ್ಟು ಬರೆದಿರುವರು. ಆ ಗುಡಿಗಳಿಗೆ ಊರವರು ಇಟ್ಟ ಹೆಸರುಗಳೂ ವಿಚಾರಾರ್ಹವಾಗಿವೆ. ಲಾಡಖಾನನ ಗುಡಿ, ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಿಮಲ್ಲಿಯ ಗುಡಿ, ಹುಚ್ಚಪ್ಪಯ್ಯನ ಮಠ: ಇವುಗಳಲ್ಲಿ ದೇವರೆಲ್ಲಿ, ಚಾಲುಕ್ಯರೆಲ್ಲಿ? ಊರಿನ ಗೌಡನೂ ಬಡಿಗನೂ ಅಂಬಿಗನೂ ಅಲ್ಲಿ ಕಾಣಬರುವರು.

ಲಾಡಖಾನನೆಂಬ ಮುಸಲ್ಮಾನ ಗೃಹಸ್ಥನು ಆ ಗುಡಿಯಲ್ಲಿ ವಾಸವಾಗಿದ್ದನೆಂದು ಹೇಳುವರು. ಒಳಗೆ ಶಿವಲಿಂಗವೂ ನಂದಿಯೂ ಇರುತ್ತವೆ. ಮರದ ತೊಲೆಗಳಂತೆ ತೋರುವ ಉದ್ದನೆಯ ಕಲ್ಲುಪಟ್ಟಿಗಳನ್ನು ಹಾಸುಗಲ್ಲುಗಳ ಸಂದುಗಳ ಮೇಲೆ ಕೂಡಿಸಿ, ಮಳೆಯ ನೀರು ಸೋರದಂತೆ ಮಾಡಿರುವ ಛಾವಣಿಯದು. ಸಂಸಾರ ಹೂಡಲು ಇದಕ್ಕಿಂತ ಗಟ್ಟಿಯಾದ ಮನೆಯು ಆ ಊರಲ್ಲಿ ದೊರೆತೀತೆ?

ಗುಡ್ಡದ ಮೇಲಿನ ಜಿನಾಲಯವನ್ನು ರವಿಕೀರ್ತಿಯು ಶಕ 556ರಲ್ಲಿ, ಅಂದರೆ ಕ್ರಿ. ಶ. 634-35ರಲ್ಲಿ ಕಟ್ಟಿಸಿದನು. ಇಮ್ಮಡಿ ಪುಲಕೇಶಿಯನ್ನು ಸಂಸ್ಕೃತಪದ್ಯಗಳಲ್ಲಿ ಸ್ತುತಿಸಿ, ತನ್ನನ್ನು ಕಾಳಿದಾಸ-ಭಾರವಿಗಳ ಸಾಲಿಗೆ ಸೇರಿಸಿಕೊಂಡನು. ಊರವರಾದರೋ ಆ ಗುಡಿಯನ್ನು ‘ಮೇಗುತಿ’ ಎಂದರು. ಮೇಲಿನ ಗುಡಿ, ಅಷ್ಟೆ!

ದುರ್ಗದ ಗುಡಿಯ ಸಂಗತಿಯು ಇನ್ನೂ ಸ್ವಾರಸ್ಯವಾದದ್ದು. ಯಾತ್ರಿಕರು ಅದನ್ನು ದುರ್ಗಾದೇವಿಯ ಸ್ಥಾನವೆಂದು ತಿಳಿಯುವರು. ಇಲ್ಲಿಯ ‘ದುರ್ಗ’ವು ದೇವಿಯಲ್ಲ, ಕೋಟೆ. ಅದರ ಹೆಬ್ಬಾಗಿಲಲ್ಲಿರುವ, ಇಮ್ಮಡಿ ವಿಕ್ರಮಾದಿತ್ಯನ ಕಾಲದ (733-744) ಶಾಸನವು ಆದಿತ್ಯನ ದೇಗುಲವನ್ನು ಹೇಳುತ್ತದೆ. ಭಗವತಿಯ ಹೆಸರಿರುವ ಶಾಸನವು ಸಮೀಪದ ಗೌಡರ ಗುಡಿಯಲ್ಲಿರುವದು!

ಊರಿನ ಹೆಸರಿಗೂ ಒಂದು ಕಥೆಯುಂಟು. ಪರಶುರಾಮನು ಕೊಡಲಿಯನ್ನು ತೊಳೆಯಲು ನೀರು ಕೆಂಪಾಯಿತೆಂದೂ, ಅದನ್ನು ಕಂಡ ಹೆಂಗಸೊಬ್ಬಳು ‘ಅಯ್ಯೋ ಹೊಳೆ!’ ಎಂದು ಕೂಗಿದಳೆಂದೂ ಜನರು ಹೇಳುವರು. ಕಥೆಯು ಹೆಸರಿನಿಂದ ಹುಟ್ಟಿತಲ್ಲದೆ ಹೆಸರು ಕಥೆಯಿಂದ ಹುಟ್ಟಲಿಲ್ಲ. ಶಾಸನಗಳಲ್ಲಿ ಅಯ್ಯಾವೊಳೆ, ಆರ್ಯಪುರ ಎಂಬ ರೂಪಗಳಿವೆ. ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕಸಂಘವು ಈ ಊರ ಹೆಸರನ್ನು ದಕ್ಷಿಣದೇಶದ ತುಂಬ ಒಯ್ದಿತು. ಸುಮಾತ್ರಾ ದ್ವೀಪದ ಬಾರೂಸಿನ ಹತ್ತಿರ ದೊರೆತ 1088ರ ತಮಿಳು ಶಾಸನವೊಂದರಲ್ಲಿ ಕೂಡ ಐನೂರ್ವರ ಉಲ್ಲೇಖವಿದೆ.

ಅಂಥ ಪಟ್ಟಣವು ಹಳ್ಳಿಯಾಯಿತು. ದೇವಾಲಯಗಳಲ್ಲಿ ಒಲೆ ಹೂಡಿದವರನ್ನು ಅಜ್ಞರೆಂದು ಹಳಿಯುವದು ಸುಲಭವು. ಆದರೆ ರಾಜರೂ ವರ್ತಕರೂ ಹೋದ ಮೇಲೆ ಈ ಕಲ್ಲುಗಳಿಗೆ ನೆರೆಯವರಾಗಿ ನಿಂತವರು ಅವರೇ. ‘ಗೌಡರ ಗುಡಿ’ಯೆಂಬ ಹೆಸರನ್ನು ತಪ್ಪೆಂದು ಅಳಿಸಿದರೆ ಚಾಲುಕ್ಯರ ಕಾಲವು ದೊರೆತೀತು, ನಡುವಿನ ಶತಮಾನಗಳ ಕುರುಹು ಹೋದೀತು.

ಸ್ಮಾರಕಗಳ ರಕ್ಷಣೆಗಾಗಿ ಊರನ್ನೇ ಸ್ಥಳಾಂತರಿಸಬೇಕೆಂಬ ಮಾತು ದಶಕಗಳಿಂದ ನಡೆದುಬಂದಿದೆ. ಅದು ನಿರಾಧಾರವಾದುದೆನ್ನಲಾಗದು, ಗುಡಿಯ ಗೋಡೆಗೆ ದನ ಕಟ್ಟಿದರೆ ಶಿಲ್ಪವು ಸವೆಯದೆ ಇರಲಾರದು. ಆದರೆ ಮನೆಗಳನ್ನು ಎಬ್ಬಿಸುವ ಮುನ್ನ, ಯಾವ ಗುಡಿಯ ಬಳಿ ಯಾವ ಮನೆತನವಿತ್ತು, ಯಾವ ಓಣಿಗೆ ಏನು ಹೆಸರು ಎಂಬುದನ್ನು ಹಿರಿಯರ ಬಾಯಿಂದ ಕೇಳಿ ಬರೆದಿಡುವದು ಅವಶ್ಯವು. ಸುತ್ತಲಿನ ಶಾಲೆಗಳ ಉಪಾಧ್ಯಾಯರು ವಿದ್ಯಾರ್ಥಿಗಳನ್ನು ಕೂಡಿಕೊಂಡು ಒಂದು ಬೇಸಿಗೆಯ ರಜೆಯಲ್ಲಿ ಮಾಡಿ ಮುಗಿಸಬಹುದಾದ ಕೆಲಸವಿದು.